ಹತ್ತನೇ ಕಲಮು

ಪುಟಕ್ಕೆ ನಲವತ್ತು, ತಿದ್ದಿದರೆ ಐದು ಹೆಚ್ಚು.
ನನ್ನ ಮೇಜಿಗೆ ಬರುವುದು ಬಾಡಿಗೆ ಕರಾರು, ಹೆಸರು ಬದಲಾವಣೆ,
ಕಳೆದುಹೋದ ಅಂಕಪಟ್ಟಿಗೊಂದು ಅಫಿಡವಿಟ್.
ಇವತ್ತು ಬಂದವರು ಜೊಯ್ಲಸ್ ತಾವ್ರೊ,
ಬೆಂದೂರಿನವರು, ಇಸ್ತ್ರಿ ಮಾಡಿದ ಅಂಗಿ, ನಿದ್ದೆಗೆಟ್ಟ ಕಣ್ಣು.
ಉದ್ಯೋಗ ಎಂತ ಬರೆಯಲಿ, ಕೇಳಿದೆ.
‘ಪೋಕರ್’ ಅಂದರು,
ಹಲ್ಲಿನ ಡಾಕ್ಟರು ಅನ್ನುವಷ್ಟು ಸಲೀಸಾಗಿ.

ಎಂಟು ಮಂದಿ ಆಟಗಾರರ ಮನವಿ, ಸರ್ಕಾರಕ್ಕೆ.
ಆನ್‌ಲೈನ್ ಮೇಜಿಗೆ ಬೀಗ ಬಿದ್ದಂದಿನಿಂದ
ಆಡುವುದು ಬಿಟ್ಟು ಮಾತಾಡಲು ಕಲಿಯುತ್ತಿದ್ದಾರಂತೆ:
ಶಾಸಕರ ಕಚೇರಿಯ ಬೆಂಚು,
ಟೀವಿಯಲ್ಲಿ ನಾಲ್ಕು ಜನರ ಗಲಾಟೆಯ ನಡುವೆ ಒಂದು ನಿಮಿಷ.
‘ಮುಖದಲ್ಲಿ ಏನೂ ತೋರಿಸದೆ ಇರುವುದೇ ನಮ್ಮ ಕಸುಬು.
ಈಗ ಊರಿಗೆಲ್ಲ ಮುಖ ತೋರಿಸಬೇಕು ಮಾರಾಯ್ರೆ.’

ಕಲಮು ಒಂದು: ಇದು ಕೌಶಲ್ಯದ ಆಟ.
ಕಲಮು ಎರಡು: ತೆರಿಗೆ ಕಟ್ಟಿದ್ದೇವೆ, ರಶೀದಿ ಲಗತ್ತಿಸಿದೆ.
ಮೂರರಲ್ಲಿ ನಾಲ್ಕು ಲಕ್ಷ ಕೈಗಳ ಲೆಕ್ಕ.
ಕೈ ಅಂದರೆ ಎಂತದೆಂದು ತಿಳಿಯದೆಯೇ ಟೈಪು ಮಾಡಿದೆ.
ಅದೃಷ್ಟ ಎಂಬ ಶಬ್ದ ಎಲ್ಲಿಯೂ ಬೇಡ,
ಬಂದರೆ ವಕೀಲರು ಬೈಯುತ್ತಾರಂತೆ.

ನನ್ನ ಮಾವ ಬಂದರಿನ ಗೋದಾಮಿನ ಹಿಂದೆ
ಉಲಾಯಿ-ಪಿದಾಯಿ ಆಡಿ ಸಿಕ್ಕಿಬಿದ್ದದ್ದು ನೆನಪಾಯಿತು.
ಏಳು ಜನ, ಒಂದು ಗೋಣಿ, ಅರ್ಧ ಉರಿದ ಮೇಣದ ಬತ್ತಿ,
ನಗದು ಸಾವಿರದ ಮುನ್ನೂರು.
ಪೇಪರಿನಲ್ಲಿ ಹೆಸರು ಬಂತು, ವಯಸ್ಸು ತಪ್ಪಾಗಿ.
ಅತ್ತೆ ಒಂದು ವಾರ ಬುಟ್ಟಿ ಹೊತ್ತು ಹೊರಡಲಿಲ್ಲ.
‘ಅದು ಬೇರೆ,’ ಎಂದರು ತಾವ್ರೊ, ಬೇಸರಿಸದೆ.
‘ಎಲೆ ಒಳಗೆ ಬೀಳುತ್ತದೋ ಹೊರಗೋ, ಮನುಷ್ಯನ ಕೈಯಲ್ಲಿಲ್ಲ.
ನನಗೆ ಎಲೆ ಮಡಚಿಟ್ಟು ಏಳುವುದನ್ನು ಕಲಿಯಲಿಕ್ಕೇ
ಆರು ವರ್ಷ ಹಿಡಿಯಿತು.’

ಒಪ್ಪಿದೆ. ನನ್ನ ಅಪ್ಪ ತಾಂಡೇಲ.
ನೀರಿನ ಬಣ್ಣ, ಹಕ್ಕಿ ಇಳಿಯುವ ದಿಕ್ಕು ನೋಡಿ
ಬೂತಾಯಿ ಎಲ್ಲಿದೆಯೆಂದು ಹೇಳುತ್ತಿದ್ದರು.
ಹೇಳಿದ ಮೇಲೂ ಖಾಲಿ ಬಲೆ ಎಳೆದ ದಿನಗಳುಂಟು.
ಅದನ್ನು ಯಾರೂ ಜೂಜು ಅನ್ನಲಿಲ್ಲ,
ಡೀಸೆಲ್ ಸಾಲ ಅಂದರು.

‘ಆದರೆ ನೀವು ಗೆದ್ದದ್ದು ಯಾರದ್ದು?’
ಅವರ ಬೆರಳು ಪೆನ್ನಿನ ಮುಚ್ಚಳದ ಮೇಲೆ ನಿಂತಿತು.
‘ಸೋಲುವವರದ್ದು. ಅವರಿಗೆ ನಮ್ಮಲ್ಲೊಂದು ಹೆಸರುಂಟು.’
‘ಎಂತ?’
‘ಮೀನು.’

ನಾನು ಬೆಂಗ್ರೆಯವಳು, ವಾರಿಜಾ ಕರ್ಕೇರ,
ಮೀನಿನ ದುಡ್ಡಿನಲ್ಲೇ ಟೈಪಿಂಗ್ ಸೀನಿಯರ್ ಪಾಸಾದವಳು.
ನಗು ಬಂತು. ಮತ್ತೆ, ಬಂದದ್ದು ನಿಂತಿತು.
‘ಮಳೆಗಾಲದಲ್ಲಿ ಎರಡು ತಿಂಗಳು
ಬೋಟು ದಕ್ಕೆಯಲ್ಲೇ ಕಟ್ಟಿರುತ್ತದೆ,’ ಅಂದೆ.
‘ಕಡಲಿಗೆ ಹೆದರಿ ಮಾತ್ರ ಅಲ್ಲ, ಮರಿ ಬೆಳೆಯಬೇಕು.
ಬಲೆಯ ಕಣ್ಣು ಇಷ್ಟೇ ಸಣ್ಣದಿರಬಹುದೆಂದೂ ಕಾಯ್ದೆಯುಂಟು.
ನಿಮ್ಮ ಮನವಿಯಲ್ಲಿ ಬಲೆಯ ಕಣ್ಣು ಎಲ್ಲಿ?’

ತುಂಬ ಹೊತ್ತು ಕೂತರು.
ಕಾರ್ಬನ್ ಹಾಳೆ ಫ್ಯಾನಿನ ಗಾಳಿಗೆ ಎದ್ದೆದ್ದು ಬಿತ್ತು.
‘ಬರೆಯಿರಿ. ಕಲಮು ಹತ್ತು.
ತಿಂಗಳಿಗೆ ಇಷ್ಟಕ್ಕಿಂತ ಹೆಚ್ಚು ಯಾರೂ ಸೋಲುವಂತಿರಬಾರದು,
ಅಷ್ಟಾದರೆ ಬಾಗಿಲು ತಾನಾಗಿ ಮುಚ್ಚಬೇಕು,
ನಮ್ಮ ಗಳಿಕೆ ಅದರಿಂದ ಕಮ್ಮಿಯಾದರೂ.’
ಕೊನೆಯ ಸಾಲಿಗೆ ಸ್ವರ ಇಳಿದಿತ್ತು.

ಹೊರಗೆ ನಿಂತು ಫೋನು ಮಾಡಿದರು, ಒಬ್ಬೊಬ್ಬರಿಗೇ.
ಗಾಜಿನಾಚೆ ಕೈ ಆಡುವುದು ಕಾಣುತ್ತಿತ್ತು.
ಮಣಿಪಾಲದ ಹುಡುಗಿ ಒಪ್ಪಿದಳಂತೆ.
ಉಳಿದವರು, ಮೊದಲು ಬೀಗ ತೆಗೆಯಲಿ,
ಆಮೇಲೆ ನೋಡುವ, ಎಂದರಂತೆ.
‘ಅಳಿಸಿಬಿಡಿ.’
ಅಳಿಸಿದೆ. ತಿದ್ದಿದ್ದಕ್ಕೆ ಐದು ರೂಪಾಯಿ,
ಕೇಳುವ ಮೊದಲೇ ಇಟ್ಟರು.

ಸಂಜೆ ದೋಣಿಯಲ್ಲಿ, ನದಿಯ ನಡುವೆ, ಹೊಳೆಯಿತು:
ನಾನು ಸಂಖ್ಯೆ ಸರಿಮಾಡಲಿಲ್ಲ.
ಒಂಬತ್ತಾದ ಮೇಲೆ ಹನ್ನೊಂದು,
ಹಾಗೆಯೇ ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತುತ್ತದೆ ಅದು.
ಅವರು ಎರಡೆರಡು ಸಲ ಓದಿ ಮಡಚಿದ್ದರು.
ಕಂಡಿತ್ತೋ ಇಲ್ಲವೋ ಗೊತ್ತಿಲ್ಲ,
ಮುಖದಲ್ಲಿ ಏನೂ ಇರಲಿಲ್ಲ.