ಹನ್ನೊಂದನೇ ಕಪಾಟು

ಟಾರ್ಮೊ, ನೀನು ಮೇಜಿನ ಮೇಲಿಟ್ಟು ಹೋದ ಪಟ್ಟಿ ಸಿಕ್ಕಿತು.
ಎರಡು ಪುಟ, ಅಂಚಿಗೆ ಕಾಫಿ ಕಲೆ.
ಇಷ್ಟರಲ್ಲೇ ಮುಗಿಯಿತೆ ಇನ್ನೂರು ವರ್ಷದ ಮನೆತನ?
ಹಂದಿದವಡೆ ಗಿಡದ ಹೆಸರಿನಲ್ಲಿ ಒಂದಾಗಿ ಉಂಡವರು
ಈಗ ಪಾಲಾಗಬೇಕಂತೆ.
ಎಲೆ ಮುಟ್ಟಿ ಅಲ್ಲ, ಹೂ ಬಿಡಿಸಿ ಅಲ್ಲ,
ಜೀವಕೋಶದೊಳಗಿನ ನೂಲು ಎಳೆದು ಓದಿದವರ ತೀರ್ಪು:
ಇವರು ಒಡಹುಟ್ಟಿದವರೇ ಅಲ್ಲ.

ಸರಿ. ಏಣಿ ತಂದೆ.
ಕೀಲಿ ತಿರುಗಿಸಿದರೆ ಅದೇ ನುಸಿಗುಳಿಗೆಯ ವಾಸನೆ,
ಟಾರ್ಟುವಿನ ಚಳಿಗೆ ಇನ್ನಷ್ಟು ಗಡುಸಾಗಿ.

ನಮಗೆ ಕಲಿಸಿದ್ದು ಬೇರೆ:
ಐದು ದಳ ಬೆಸೆದು ಮೇಲೆರಡು ಕೆಳಗೆ ಮೂರು
ತುಟಿಯಾಗಿದೆಯೆ? ಕೇಸರ ನಾಲ್ಕೆ,
ಅದರಲ್ಲಿ ಎರಡು ಗಿಡ್ಡವೆ? ಅಂಡಾಶಯಕ್ಕೆ ಎರಡು ಕೋಣೆಯೆ?
ನಮ್ಮವರೇ, ಒಳಗೆ ಬಿಡು.
ಮೂಗು ನೋಡಿ ನೆಂಟಸ್ತನ ಹೇಳುವ
ಮದುವೆಮನೆಯ ಮುದುಕಿಯರ ಹಾಗಿದ್ದೆವು ನಾವು.

ಮೊದಲು ಹೊರಟದ್ದು ಬೆರಳುಟೋಪಿ.
ಏನು ಜಂಬ! ನಿಂತ ಹೃದಯವನ್ನು ನಡೆಸಿದವಳು,
ಸರಿಯಾಗಿ ನಡೆಯುವುದನ್ನು ನಿಲ್ಲಿಸಬಲ್ಲವಳು.
ಅವಳೀಗ ಸೇರಬೇಕಾದ್ದು ಯಾರ ಮನೆ ಗೊತ್ತೆ?
ನೆಲಕ್ಕೆ ಅಂಟಿದ, ಗಾಡಿ ಹತ್ತಿದರೂ ಸಾಯದ,
ನಮ್ಮ ಭಾಷೆಯಲ್ಲಿ ದಾರಿ-ಎಲೆ ಎನ್ನುವ ಕಳೆಯ ಮನೆ.
ಹೂವೋ ಇಲಿಬಾಲವೋ ತಿಳಿಯದ ಬೂದು ಕಡ್ಡಿ,
ಅದರ ಹೆಸರೇ ಮನೆತನಕ್ಕೆ!
ಗಾಳಿಯೇ ಪರಾಗ ಒಯ್ಯುವಾಗ
ಜೇನಿಗೆಂದು ತುಟಿ ಬಣ್ಣ ಯಾಕೆ ಎಂದು
ಎಂದೋ ಬಿಟ್ಟುಕೊಟ್ಟಿತಂತೆ ಎಲ್ಲವನ್ನೂ.

ಕಣ್ಣುಮದ್ದಿನ ಗಿಡ ಮೂರನೇ ಕಪಾಟಿಗೆ.
ಹಸಿರಾಗಿದ್ದುಕೊಂಡೇ ಪಕ್ಕದವರ ಬೇರಿಗೆ ಬಾಯಿಡುವವಳು;
ಎಲೆಯಿಲ್ಲದ ಕಳ್ಳರ ಜೊತೆಗೇ ಸೇರಿಸಿದ್ದಾರೆ.
ನನಗೆ ಮೊದಲಿಂದ ಅನುಮಾನವಿತ್ತು.

ಆಮೇಲೆ ವೆರೋನಿಕ. ಮೂವತ್ತೇಳು ಹಾಳೆ.
ನೀಲಿ ಹೋಗಿ ಹಳೆಯ ಚಹಾದ ಬಣ್ಣ.
ನೇರಳೆ ಶಾಯಿಯಲ್ಲಿ ಚೀಟಿ:
ಸಾರೆಮಾ ದ್ವೀಪ, ಸುಣ್ಣಕಲ್ಲಿನ ಹುಲ್ಲುಗಾವಲು,
ಜೂನ್ ೧೯೪೮, ಸಂಗ್ರಹ ಸಾಲ್ಮೆ ರೌನ್.
ನನ್ನ ಸೋದರತ್ತೆ. ನಿನಗೆ ಹೇಳಿರಲಿಲ್ಲ.

ಮುಂದಿನ ಜೂನಿನ ಹಾಳೆ ಇಲ್ಲ.
ಆ ಮಾರ್ಚಿನಲ್ಲಿ ಬೇರೆ ಯಾರೋ ಪಟ್ಟಿ ಮಾಡಿದ್ದರು,
ಅದರಲ್ಲೂ ಕುಟುಂಬ ಎಂಬ ಪದವೇ ಇತ್ತು.
ಮೊದಲು ಹಡಗು, ಆಮೇಲೆ ಪೂರ್ವಕ್ಕೆ ರೈಲು.
ಐದು ವರ್ಷದ ನಾನು ಜ್ವರ ಬಂದು ಅಜ್ಜಿಯ ಮನೆಯಲ್ಲಿದ್ದೆ.
ಹೆಲ್ಯು ಎಂಬ ಹೆಸರಿನ ಎದುರು
'ಸಿಗಲಿಲ್ಲ' ಎಂದು ಬರೆದುಕೊಂಡಿರಬೇಕು.

ಮೂರು ವರ್ಷದ ಮೇಲೆ ಸೈಬೀರಿಯದಿಂದ ಒಂದು ಲಕೋಟೆ.
ಕಾಗದವಿಲ್ಲ. ಒತ್ತಿ ಒಣಗಿಸಿದ ದಾರಿ-ಎಲೆ,
ಐದು ನರ, ತುದಿಯಲ್ಲಿ ಹುಳು ತಿಂದ ತೂತು.
ಇಲ್ಲಿಯೂ ಇದೆ ಎಂದಳೋ,
ಇಲ್ಲಿ ಇದಷ್ಟೇ ಇದೆ ಎಂದಳೋ.
ಕಾಲಿಗಂಟಿ ಯಾರ ಜೊತೆಗಾದರೂ ಹೋಗಿಬಿಡುವ ಬೀಜ ಅದರದು.
ದಿನಾಂಕವಿಲ್ಲ, ಸ್ಥಳ ಅಂಚೆಮುದ್ರೆಯಲ್ಲಿ ಅಳಿಸಿದೆ.
ನಿಯಮದ ಪ್ರಕಾರ ಅದು ಮಾದರಿಯೇ ಅಲ್ಲ;
ಸಕ್ಕರೆ ಡಬ್ಬಿಯಲ್ಲಿ ಉಳಿದಿದೆ.

ನಿನ್ನ ಪಟ್ಟಿಯಂತೆ ಅವಳ ಮೂವತ್ತೇಳೂ
ಇವತ್ತು ದಾರಿ-ಎಲೆಯ ಕಪಾಟಿಗೆ ಹೋದವು.
ನಾನೇ ಹೊತ್ತೆ, ತಳ್ಳುಗಾಡಿ ಬೇಡವೆಂದೆ.
ಹೊಸ ಹೆಸರಿನ ಚೀಟಿ ಪಕ್ಕದಲ್ಲಿ ಅಂಟಿಸಿದೆ.
ಹಳೆಯದನ್ನು ಕೀಳುವ ಹಾಗಿಲ್ಲ ಎಂಬುದೊಂದೇ
ಈ ಕಟ್ಟಡದಲ್ಲಿ ನನಗೆ ಇಷ್ಟವಾದ ನಿಯಮ.
ಡಬ್ಬಿಯನ್ನು ನಾಳೆ ತರಲೋ ಬೇಡವೋ, ನೋಡೋಣ.

ಹನ್ನೊಂದರಲ್ಲಿ ಈಗ ಹಂದಿದವಡೆ ಇದೆ,
ಉಣ್ಣೆ ಹೊದ್ದ ಬಲದ ಹುಲ್ಲೂ ಇದೆ.
ಉಳಿದ ಗೂಡುಗಳೆಲ್ಲ ಖಾಲಿ.
ಬೀಗ ಹಾಕಬೇಕೆ, ತಿಳಿಸು.