ಕಾಯುವುದು

ಮೊದಲು ಬಾಗಿಲು ಹಾಕು, ಲೊಂಬೆ.
ಗಂಡಸರು ಅಂಗಳದಾಚೆ ಮಾವಿನ ಮರದಡಿ ಕೂತಿದ್ದಾರೆ,
ಬಿಸಿನೀರು ಹೊಯ್ದ ರಾಗಿ ಹೆಂಡವನ್ನು
ಒಂದೇ ಗಡಿಗೆಯಿಂದ ಜೊಂಡಿನ ಕೊಳವೆಯಲ್ಲಿ ಹೀರುತ್ತ.
ಅವರ ಕಿವಿ ಮಾತ್ರ ಇಲ್ಲೇ, ಗೋಡೆಗೆ ಅಂಟಿಕೊಂಡು.
ಇರಲಿ. ಡೋಲು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ.

ಚಾಪೆಯ ಮೇಲೆ ಕೂರು. ಕಾಲು ಚಾಚು.
ನೀನು ಲುವಿಂಗು ಆಸ್ಪತ್ರೆಯ ನರ್ಸಮ್ಮ,
ಇಪ್ಪತ್ತೇಳು ವರ್ಷ, ನೂರು ಹೆರಿಗೆ ಮಾಡಿಸಿದವಳು,
ಈ ಮುದುಕಿ ನನಗೇನು ಹೇಳಿಯಾಳು ಎಂದು
ತುಟಿಯ ಮೂಲೆಯಲ್ಲಿ ನಗುತ್ತಿದ್ದೀ. ಕಾಣುತ್ತದೆ ನನಗೆ.
ಮೈಯೊಳಗೆ ಏನೇನಿದೆ ನಿನಗೆ ಗೊತ್ತು, ಒಪ್ಪಿದೆ.
ಮೈ ಏನನ್ನುತ್ತದೆ ಎನ್ನುವುದಕ್ಕೆ ಈ ಡೋಲು.

ಮುಟ್ಟಿ ನೋಡು. ತಣ್ಣಗಿದೆ ಅಲ್ಲವೆ?
ಈಗ ಬಡಿದರೆ ಒದ್ದೆ ಗೋಣಿಗೆ ಗುದ್ದಿದ ಹಾಗೆ.
ಚರ್ಮ ಕಾಯಬೇಕು.
ಅದು ಕಾಯುವ ತನಕ ನಾವೂ ಕಾಯಬೇಕು.
ಹುಲ್ಲು ಹೊತ್ತಿಸು, ದೂರದಿಂದ ತೋರಿಸು, ತಿರುಗಿಸು,
ಬೆರಳ ತುದಿಯಿಂದ ಕೇಳು: ಆಯಿತೆ? ಇನ್ನೂ ಇಲ್ಲವೆ?
ಅವಸರದವನ ಬೆಂಕಿಗೆ ಚರ್ಮ ಬಿರಿಯುತ್ತದೆ.
ಇದನ್ನು ನಿನಗೆ ನಾನು ಹೇಳಿದೆ,
ಅವನಿಗೆ ನೀನು ಹೇಳು.
ನಾಲಿಗೆ ಏಳದಿದ್ದರೆ ಅವನ ಕೈ ಹಿಡಿದು ಹೇಳು.

ಮ್ವೆಲ್ವಾ, ಆ ಮಣ್ಣಿನ ಆಮೆ ಇತ್ತ ಕೊಡು.
ಬಿಳಿ, ಕಪ್ಪು, ಕೆಂಪು ಚುಕ್ಕೆಯಿಟ್ಟು ನಿನ್ನೆಯಷ್ಟೇ ಮಾಡಿದ್ದು,
ಒಂದು ಕಾಲು ಆಗಲೇ ಮುರಿದಿದೆ.
ಗಂಡನ ಗುಟ್ಟು ಚಿಪ್ಪಿನೊಳಗೇ ಇರಲಿ ಎಂದು
ಇದನ್ನು ಹಿಡಿದು ನನಗೆ ಹೇಳಿಕೊಟ್ಟರು.
ಇರಿಸಿದೆ ಐವತ್ತು ವರ್ಷ. ಇವತ್ತು ಚಿಪ್ಪು ಕೊಂಚ ಎತ್ತುತ್ತೇನೆ.

ಮಣಿಯ ಸರ ಎರಡು.
ಮಂಚದ ತಲೆಗೆ ಬಿಳಿಯದು ಕಂಡರೆ, ಬಾ.
ಕೆಂಪು ಕಂಡರೆ ತಿಂಗಳ ದಿನ, ಚಾಪೆ ಬೇರೆ.
ನನ್ನ ಹಿರಿಯರು ಕಲಿಸಿದ್ದು ಅಷ್ಟೆ.
ನನ್ನ ಕಪೆಂಬ್ವ ಮುಫುಲಿರದ ಗಣಿಯಿಂದ ಒಮ್ಮೆ
ಸಂಬಳ ಕುಡಿದು ಮುಗಿಸಿ ಬಂದ,
ಬಂದವನು ನನ್ನ ತಾಯಿಯನ್ನು ಆಡಿಕೊಂಡ.
ಕೆಂಪು ತೂಗಿದೆ. ತೆಗೆಯಲಿಲ್ಲ.
ಹತ್ತು ದಿನ. ಇಪ್ಪತ್ತು. ನಲವತ್ತೊಂದು.
ಪೆದ್ದ, ನನಗೇನೋ ರೋಗವೆಂದು
ಮಿಷನ್ ಆಸ್ಪತ್ರೆಯ ಸಾಲಿನಲ್ಲಿ ಅರ್ಧ ದಿನ ನಿಂತು
ಕೆಮ್ಮಿನ ಔಷಧಿ ತಂದುಕೊಟ್ಟ.
ಕೆಂಪಿಗೆ ಇನ್ನೊಂದು ಅರ್ಥ ಹಚ್ಚಿದವಳು ನಾನು, ಬರೆದುಕೋ:
ಮನಸ್ಸಿಲ್ಲ.

ನಲವತ್ತೆರಡನೆಯ ರಾತ್ರಿ
ಹೊರಗಿನಿಂದ, ಬಾಗಿಲ ಹಲಗೆಯ ಮೇಲೆ, ಬೆರಳು.
ಟಕ್ ಟಕ ಟಕ್. ನಮ್ಮ ಪೆಟ್ಟು!
ಹೆಂಗಸರದು, ಯಾವ ಮದುವೆಯಲ್ಲೋ ಗೋಡೆಯಾಚೆ ಕದ್ದು ಕೇಳಿದ್ದು.
ಅದೂ ತಪ್ಪು. ಮೂರನೆಯದನ್ನು ನುಂಗಿದ್ದ.
ನಾನು ತುಟಿ ಬಿಚ್ಚಲಿಲ್ಲ. ಸೌಟು ತೆಗೆದುಕೊಂಡು
ಗಡಿಗೆಯ ಮೇಲೆ ಸರಿಯಾದದ್ದನ್ನು ಬಾರಿಸಿದೆ.
ಮತ್ತೆ ತಪ್ಪಿದ. ಮತ್ತೆ ಬಾರಿಸಿದೆ.
ಬಾಗಿಲಿನ ಆ ಬದಿ ಅವನು, ಈ ಬದಿ ನಾನು,
ನಡುವೆ ನಾಯಿ ಬೊಗಳಿ ಸುಸ್ತಾಯಿತು.
ಅಗುಳಿ ಯಾವಾಗ ತೆಗೆದೆನೋ, ನೆನಪಿಲ್ಲ.

ಅವನು ಹೋಗಿ ಆರು ಮಳೆಗಾಲ.
ಕೊನೆಯವರೆಗೂ ಆ ಮೂರನೆಯ ಪೆಟ್ಟು ಅವನಿಗೆ ಕೂಡಿಬರಲಿಲ್ಲ.
ಈಗ ನಾನು ಬಾರಿಸುವಾಗ
ಅಲ್ಲಿಗೆ ಬಂದರೆ ಕೈ ಅರೆಗಳಿಗೆ ಗಾಳಿಯಲ್ಲೇ ನಿಲ್ಲುತ್ತದೆ.
ವಯಸ್ಸಾಯಿತು ಪಾಪ, ಎನ್ನುತ್ತಾರೆ ಇವರೆಲ್ಲ.
ಅನ್ನಲಿ.

ನಗು ಎಲ್ಲಿ ಹೋಯಿತೇ ಹುಡುಗಿ?
ಸರಿ, ಕೈ ಇಡು.
ಕಾದಿದೆ.