ಮಾಸಿಲಾಮಣಿಯ ಚೀಟಿಗಳು

ಖಡಕಿಯ ಮದ್ದಿನ ಕಾರ್ಖಾನೆಯಲ್ಲಿ
ತೋಟಾಗಳಿಗೆ ಪುಡಿ ತುಂಬುತ್ತಿದ್ದ ತಾತ,
ಅಮ್ಮನ ಅಪ್ಪ.
ಹತ್ತೂ ಬೆರಳು ಹಳದಿ.
ಯಾರದೋ ಮದುವೆಗೆ ಹೋದರೆ
ಮದುಮಗ ಇವನೋ ಅವನೋ ಎಂದು
ಹೆಂಗಸರು ನಗುತ್ತಿದ್ದರಂತೆ.

ಆ ಬೆರಳಲ್ಲೇ ಬರೆದ,
ಓವರ್‌ಟೈಮ್ ಚೀಟಿಯ ಬೆನ್ನಿಗೆ, ತಮಿಳಿನಲ್ಲಿ,
ರಾತ್ರಿಪಾಳಿ ಮುಗಿದು ಭೋಂಗಾ ಕೂಗುವ ಮೊದಲು.
ಇನ್ನೂರ ಹನ್ನೆರಡು ಚೀಟಿ.
ಒಂದು ಕಡೆ ಗಂಟೆ, ದರ, ಸಾಹೇಬನ ಸಹಿ;
ಇನ್ನೊಂದು ಕಡೆ
ಯಾರೂ ಸಹಿ ಹಾಕದ್ದು.

ಪೆಟ್ಟಿಗೆಯೂ ಕಾರ್ಖಾನೆಯದೇ.
ಬೆಂಕಿಯಿಂದ ದೂರವಿಡಿ
ಎಂದು ಮುಚ್ಚಳದ ಮೇಲೆ ಅಚ್ಚೊತ್ತಿದ್ದರು.
ಇಟ್ಟಿದ್ದೆವು,
ಮೂವತ್ತು ವರ್ಷ, ಅಟ್ಟದಲ್ಲಿ,
ಗಣಪತಿಯ ಥರ್ಮೊಕೋಲ್ ಮಂಟಪದ ಹಿಂದೆ.
ಬೆಂಕಿಯಿಂದ ದೂರ. ನಮ್ಮಿಂದಲೂ.

ಮಾಸಿಲಾಮಣಿ ಅಂದರೆ ಮಾಸದ ಮಣಿ.
ಹೆಸರಿಗೆ ನಿಘಂಟು ಬೇಕಾಗಲಿಲ್ಲ.
ಮಾಸಿದ್ದು ಕಾಗದ.

ಬಜಾರಿನ ಝೆರಾಕ್ಸ್ ಅಂಗಡಿಯ ಹುಡುಗ
ಒಂದನ್ನು ತಿರುಗಿಸಿ, ಮತ್ತೆ ತಿರುಗಿಸಿ
‘ಹಿಶೋಬ್ ಆಹೇ ಕಾ, ತಾಈ?’ ಅಂದ.
ಹೌದಪ್ಪ, ಲೆಕ್ಕವೇ, ಅಂದೆ.
ಎರಡೂ ಕಡೆ ತೆಗಿ.

ನಾನು ಆಳಂದದ ಗೌಂಡಿಯ ಮಗಳು.
ಕನ್ನಡ, ಅಪ್ಪನ ಅವ್ವ ತೊಡೆಯ ಮೇಲೆ ಕೂರಿಸಿ ಕೊಟ್ಟದ್ದು.
ಮರಾಠಿ, ಶಾಲೆ ಕೊಟ್ಟದ್ದು.
ತಮಿಳು ಯಾರೂ ಕೊಡಲಿಲ್ಲ. ಅದು
ಅಮ್ಮನಿಗೆ ಸಿಟ್ಟು ಬಂದಾಗ
ಒಗ್ಗರಣೆಯ ಘಾಟಿನ ಜೊತೆ ಅಡುಗೆಮನೆಯಿಂದ ಬರುತ್ತಿತ್ತು.

ಚರ್ಚಿನ ಹಿಂದಿನ ಗಲ್ಲಿಯಲ್ಲಿ ಅಮಲೋರ್ಪವಂ ಟೀಚರ್,
ಎಂಬತ್ತೊಂದು ವರ್ಷ, ಒಂದು ಕಣ್ಣಿಗೆ ಪೊರೆ,
ನನ್ನನ್ನು ಒಂದನೇ ಇಯತ್ತೆಗೆ ಸೇರಿಸಿಕೊಂಡರು.
ಕ ಖ ಗ ಘ, ನಾಲ್ಕು ಮನೆಗೂ ಒಂದೇ ಬಾಗಿಲು.
ಒಳಗೆ ಯಾರಿದ್ದಾರೆಂದು ಹೊರಗಿನವಳಿಗೆ ತಿಳಿಯದು;
ತಟ್ಟಬೇಕು, ತಪ್ಪಬೇಕು,
ಕ್ಷಮಿಸಿ ಅನ್ನಬೇಕು, ಮತ್ತೆ ತಟ್ಟಬೇಕು.

ಆಮೇಲೆ ಆ ೞ.
ಮೞೆ. ಬಾೞ್. ಅೞು.
ನಮ್ಮಲ್ಲೂ ಇತ್ತು, ಎಂದೋ ಉದುರಿತು;
ಶಾಸನದ ಕಲ್ಲುಗಳಿಗೆ ಮಾತ್ರ ನೆನಪಿದೆ.
ಮಳೆ ಬರುತ್ತಲೇ ಇದೆ,
ಅಳುವುದನ್ನು ಯಾರೂ ಬಿಟ್ಟಿಲ್ಲ,
ಅಕ್ಷರ ಮಾತ್ರ ಹೋಯಿತು.
ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗಿ ಹೋಗಿ ಬರುವ ಹಾಗೆ
ಹದಿನೈದು ದಿನ ಹುಡುಕಿದೆ.

ಈಗ ನನಗೆ ಅಕ್ಷರ ಬರುತ್ತದೆ, ಅರ್ಥವಾಗುವುದಿಲ್ಲ.
ಅಮ್ಮನಿಗೆ ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ.
ರಾತ್ರಿ ಅವಳು ಚವಳಿಕಾಯಿ ಸೋಸುತ್ತ ಕೂರುತ್ತಾಳೆ,
ನಾನು ಕೂಡಿಸಿ ಕೂಡಿಸಿ ಓದುತ್ತೇನೆ.
ಇದು ಬಾಯ್ಲರಿನ ಮೇಲೆ ಗೂಡು ಕಟ್ಟಿದ ಪಾರಿವಾಳ, ಅನ್ನುತ್ತಾಳೆ.
ಇದು ಫೋರ್‌ಮನ್ನನಿಗೆ ಬೈಗುಳ, ಪೂರಾ ಛಂದಸ್ಸಿನಲ್ಲಿ.
ಇದು ಶೆಡ್ಡಿನಲ್ಲಿ ಕಿಡಿ ಬಿದ್ದ ದಿನ:
ಮೂರು ಹೆಸರು, ಅಷ್ಟೇ,
ಎರಡನೆಯ ಅಕ್ಷರ ಹೊಂದುವಂತೆ ಜೋಡಿಸಿದ್ದಾನೆ.

ನೂರ ಎಂಬತ್ತನಾಲ್ಕನೆಯದು.
ಎಪ್ಪತ್ತೊಂಬತ್ತರ ಜೂನ್ ಹನ್ನೊಂದು, ಗಂಟೆ ನಾಲ್ಕು.
ಅಮ್ಮ ಗೌಂಡಿಯ ಸೈಕಲ್ಲಿನ ಹಿಂದೆ ಕೂತು
ಹೋಳ್ಕರ್ ಸೇತುವೆ ದಾಟಿದ ಮಾರನೆಯ ದಿನ ಅದು
ಎಂದು ನನಗೆ ತಿಳಿದಿರಲಿಲ್ಲ.
ಒಂಬತ್ತು ವರ್ಷ ತಾತ ಅವಳ ಕೂಡ ಮಾತಾಡಲಿಲ್ಲ,
ಅಷ್ಟು ಗೊತ್ತಿತ್ತು.

ಐದು ಸಾಲು ಓದಿದೆ,
ಮೂಟೆಯೊಳಗೆ ಏನಿದೆಯೆಂದು ಕೇಳದ ಹಮಾಲನಂತೆ.
ಅಮ್ಮನ ಕೈ ನಿಂತಿತು.
‘ಇನ್ನೊಮ್ಮೆ.’
ಓದಿದೆ.
‘ಇನ್ನೊಮ್ಮೆ.’
ಐದನೇ ಸಲ ೞ ಜಾರಿ ಳ ಆಯಿತು.
ಹಾಗಲ್ಲ, ಅಂದಳು, ಅಪ್ಪ ಹಾಗೆ ಅನ್ನುತ್ತಿರಲಿಲ್ಲ,
ನಾಲಿಗೆ ಇನ್ನೂ ಹಿಂದಕ್ಕೆ ಮಡಚು.
ಮಡಚಿದೆ.

ಅರ್ಥ ಕೇಳಿದೆ.
ಎದ್ದು ಹೋಗಿ ಒಲೆ ಆರಿಸಿದಳು.
ಒಲೆ ಹೊತ್ತಿಸಿಯೇ ಇರಲಿಲ್ಲ.

ವಹಿಯಲ್ಲಿ ಮೂರು ಕಾಲಮ್ಮು:
ಅವನ ಲಿಪಿ, ನಮ್ಮ ಲಿಪಿ, ಅರ್ಥ.
ಈ ಚೀಟಿಗೆ ಮೂರನೆಯದನ್ನು ಖಾಲಿ ಬಿಟ್ಟಿದ್ದೇನೆ.
ಮೂಲೆಯಲ್ಲಿ ಹಳದಿ ಹೆಬ್ಬೆರಳ ಗುರುತು,
ಝೆರಾಕ್ಸಿನಲ್ಲಿ ಕರಿಯಾಗಿ ಬಂದಿದೆ.

ನಾಳೆ ನೂರ ಎಂಬತ್ತೈದು.
ಚವಳಿಕಾಯಿ ಮುಗಿದಿದೆ, ತರಬೇಕು.